ಕಾಗೆಯ ಮುಂದೆ ಕೊಟ್ಟ ಮಾತು

ನನ್ನ ಗಂಡ ತೀರಿಕೊಂಡಾಗ ನಮ್ಮ ಓಣಿಯ ಜನ ಕರ್ಮ ಮುಗಿಯುವವರೆಗೆ ಬಂದರು. ಆಮೇಲೆ ಒಬ್ಬರೂ ಬರಲಿಲ್ಲ. ನಾನು ಬೆಕ್ಕು ಸಾಕಿದಾಗ ಎಲ್ಲರೂ ಬಂದರು. ಉಂಡೆಯಾ ಎಂದು ನನ್ನನ್ನು ಒಂದು ದಿನವೂ ಕೇಳದವರು, ಬೆಕ್ಕಿಗೆ ಏನು ಹಾಕುತ್ತೀ, ಎಲ್ಲಿ ಮಲಗಿಸುತ್ತೀ, ನಿನಗೆ ಯಾಕೆ ಬೇಕಿತ್ತು ಎಂದು ಬಾಗಿಲಲ್ಲಿ ನಿಂತು ಕೇಳಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನನ್ನ ಹೆಸರು ಸಾವಂತ್ರಮ್ಮ. ಹುಟ್ಟಿದ್ದು ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ. ನಾಲ್ಕನೇ ತರಗತಿಯವರೆಗೆ ಸಾಲೆಗೆ ಹೋದೆ. ಭತ್ತದ ನಾಟಿ ಬಂತು, ಬಿಡಿಸಿದರು. ನಾಟಿ ಮುಗಿದ ಮೇಲೆ ಮತ್ತೆ ಕಳಿಸಲು ಯಾರಿಗೂ ನೆನಪಾಗಲಿಲ್ಲ. ಮುಂದೆ ಕುರುಗೋಡಿನ ಚಿದಾನಂದಪ್ಪನಿಗೆ ಕೊಟ್ಟರು. ನಾವಿಬ್ಬರೂ ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಅವನು ತಳ್ಳುವ ಬಂಡಿ ಇಟ್ಟ. ಸಂಜೆ ಹೊತ್ತು ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ.

ಮಿರ್ಚಿ ಸೀಳುವುದು ನನ್ನ ಕೆಲಸ. ಮೆಣಸಿನಕಾಯಿಯ ತೊಟ್ಟು ಹೋಗಬಾರದು. ತುದಿಯೂ ಬಿಚ್ಚಬಾರದು. ಹೊಟ್ಟೆ ಮಾತ್ರ ಸೀಳಬೇಕು. ಒಳಗೆ ಉಪ್ಪು, ಓಮ, ಹುಣಸೆಹಣ್ಣು. ಸೀಳಿ ಸೀಳಿ ನನ್ನ ಬೆರಳು ಉರಿಯುತ್ತಿದ್ದವು. ಅವನು ರಾತ್ರಿ ಮಜ್ಜಿಗೆಯಲ್ಲಿ ನನ್ನ ಕೈ ಅದ್ದಿಸುತ್ತಿದ್ದ. ಮಾತು ಕಡಿಮೆ ಅವನದು. ಇಂಥದ್ದನ್ನು ಮಾಡುತ್ತಿದ್ದ.

ಮಕ್ಕಳಾಗಲಿಲ್ಲ. ಅದನ್ನೂ ಜನ ಸಾಕಾಗುವಷ್ಟು ಕೇಳಿದ್ದಾರೆ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅವನು ಸ್ಟೋವ್ ಹಚ್ಚಿದ, ಎದೆ ಹಿಡಿದುಕೊಂಡ, ಬಿದ್ದ. ನಾನು ಓಡಿ ಹೋಗುವಷ್ಟರಲ್ಲಿ ಜನ ಸೇರಿದ್ದರು. ಮೊದಲು ಸ್ಟೋವ್ ಆರಿಸಿದರು. ಆಮೇಲೆ ಅವನನ್ನು ಎತ್ತಿದರು. ಎಣ್ಣೆ ಕಾದಿತ್ತು, ಬೆಂಕಿ ಹತ್ತುತ್ತಿತ್ತು, ಅವರದು ತಪ್ಪಲ್ಲ. ಆದರೂ ನನಗೆ ಅದು ಮರೆಯುವುದಿಲ್ಲ.

ಬಳೆ ಒಡೆಯಲು ಬಂದ ಹೆಂಗಸರು ಯಾರು ಅಂದುಕೊಂಡಿದ್ದೀರಿ? ಅವನ ಕೈಯ ಮಿರ್ಚಿ ಇಲ್ಲದೆ ಸಂಜೆ ಕಳೆಯದವರು. ಒಬ್ಬಳು ನನ್ನ ಕೈ ಹಿಡಿದಳು, ಒಬ್ಬಳು ಕಲ್ಲು ತಂದಳು. ಒಳ್ಳೆಯ ಮನುಷ್ಯ ಎಂದು ಅತ್ತರು. ಮರುವಾರದಿಂದ ಮುಂಜಾನೆ ನಾನು ಬಾಗಿಲಿಗೆ ಬಂದರೆ ಅದೇ ಹೆಂಗಸರು ತಮ್ಮ ಗಂಡಂದಿರನ್ನು ಒಳಗೆ ಕರೆಯುತ್ತಿದ್ದರು. ನನ್ನ ಮುಖ ನೋಡಿ ಕೆಲಸಕ್ಕೆ ಹೋಗಬಾರದಂತೆ.

ನನ್ನ ಅಣ್ಣ ಪಕ್ಕೀರಪ್ಪ ಬಂದು ದೇಶನೂರಿಗೆ ಕರೆದುಕೊಂಡು ಹೋದ. ಅವನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಅಣ್ಣನ ಮನೆಯಲ್ಲಿ ನನಗೆ ಯಾರೂ ಏನೂ ಅನ್ನಲಿಲ್ಲ. ಆದರೆ ನಾನು ಕೂತರೆ ಒಂದು ಮೂಲೆ ಹೋಯಿತು ಅನ್ನುವಷ್ಟು ಸಣ್ಣ ಮನೆ. ಮಳೆಗಾಲ ಹಿಡಿಯುವ ಮೊದಲು ಬಳ್ಳಾರಿಗೆ ಹೊರಟೆ. ಬಸ್ಸಿಗೆ ಹೊತ್ತಿತ್ತು. ಅಣ್ಣನಿಗೆ ಹೇಳಿ ಹೋಗೋಣವೆಂದು ಮಿಲ್ಲಿಗೆ ಹೋದೆ.

ಮಿಲ್ಲಿನಲ್ಲಿ ಇಲಿ ಹಿಡಿಯಲು ಬೆಕ್ಕು ಇರುತ್ತವೆ. ಅವಕ್ಕೆ ಸಂಬಳ ಇಲ್ಲ, ಕೆಲಸ ಇದೆ. ಗೋದಾಮಿನ ಬಾಗಿಲಲ್ಲಿ ಒಂದು ಬಿಳಿ ಮರಿ ಚೀಲದ ಸಂದಿಯಲ್ಲಿ ಮುದುಡಿ ಕೂತಿತ್ತು. ಹಮಾಲರು ಅದನ್ನು ನೋಡಿ ನಗುತ್ತಿದ್ದರು.

“ಯಾಕ ನಗ್ತೀರಿ?” ಎಂದೆ.

“ಇದರ ಕಥಿ ಕೇಳು,” ಎಂದ ಅಣ್ಣ. “ಇಲಿ ಕಂಡ್ರ ಓಡ್ತೈತಿ. ನಿನ್ನೆ ಒಂದು ಹೆಗ್ಗಣ ಅಟ್ಟಿಸ್ಕೊಂಡು ಬಂತು ನೋಡು, ಇದು ನನ್ನ ಹೆಗಲ ಮ್ಯಾಲ ಏರಿ ಕುಂತಿತು.”

“ಮುಂದ ಏನ್ಮಾಡ್ತೀರಿ ಇದನ್ನ?”

“ಮಾಲಕ ಬ್ಯಾಡ ಅಂದಾನ. ಕೆಲಸಕ್ಕ ಬರಲಾರದ್ದನ್ನ ಯಾರು ಇಟ್ಕೋತಾರ? ಕಾಲುವಿ ದಂಡಿಗೆ ಬಿಡೋದು.”

ಅದು ಕಣ್ಣು ಬಿಟ್ಟು ನನ್ನನ್ನು ನೋಡಿತು. ನನಗೆ ಕರುಣೆ ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

“ಕೊಡು ಇಲ್ಲಿ,” ಎಂದೆ.

ಅಣ್ಣ ನನ್ನ ಮುಖ ನೋಡಿದ. ಖಾಲಿ ಅಕ್ಕಿ ಚೀಲ ಹುಡುಕಿ, ಉಸಿರಾಡಲು ನಾಲ್ಕು ಕಡೆ ತೂತು ಮಾಡಿ, ಅದನ್ನು ಒಳಗೆ ಬಿಟ್ಟು ಬಾಯಿ ಕಟ್ಟಿದ. “ಮನ್ಯಾಗ ಒಂದು ಉಸಿರು ಇರ್ಲಿ ಬಿಡು,” ಎಂದ.

ಬಳ್ಳಾರಿಯವರೆಗೆ ಅದು ಚೀಲದೊಳಗೆ ಒದರುತ್ತಲೇ ಬಂತು. ನಾನು ಗಂಡ ಸತ್ತ ದಿನ ಅಷ್ಟು ಒದರಿರಲಿಲ್ಲ.

ಬೆಕ್ಕು ಬಂದು ನನ್ನ ದುಃಖ ಕಳೆಯಿತು ಎಂದು ನಾನು ಹೇಳುವುದಿಲ್ಲ. ಅಂಥ ಮಾತು ಹೇಳುವವರಿಗೆ ದುಃಖ ಆಗಿರುವುದಿಲ್ಲ. ಬೆಕ್ಕು ಮಾಡಿದ್ದು ಇಷ್ಟು. ಹೊತ್ತಿಗೆ ಸರಿಯಾಗಿ ಹಸಿಯಿತು. ದೇಶನೂರಿಗೆ ಹೋಗುವ ಮೊದಲೇ ನಾನು ಒಬ್ಬಳಿಗೇ ಅನ್ನಕ್ಕೆಂದು ಒಲೆ ಹಚ್ಚುವುದು ಬಿಟ್ಟಿದ್ದೆ. ಚಹಾ ಕುಡಿದು ಮಲಗುತ್ತಿದ್ದೆ. ಅದು ಮಲಗಲು ಬಿಡಲಿಲ್ಲ. ಕಾಲಿಗೆ ಸುತ್ತಿತು, ಒದೆಸಿಕೊಂಡಿತು, ಮತ್ತೆ ಬಂತು. ಅದಕ್ಕೆಂದು ಅನ್ನ ಮಾಡಿದೆ. ಮಾಡಿದ ಮೇಲೆ ನಾನೂ ಉಂಡೆ.

ಮನೆಯಲ್ಲಿ ಮಾತು ಸತ್ತಿತ್ತು. ಬಂದ ಮರುದಿನ ಅದು ಅವನ ಅಂಗಿ ನೇತುಹಾಕಿದ ಗೂಟಕ್ಕೆ ಹಾರಿತು. “ಥೂ, ಇಳಿ!” ಎಂದು ಕೂಗಿದೆ. ನನ್ನ ದನಿ ಕೇಳಿ ನಾನೇ ಹೆದರಿದೆ. ಎಷ್ಟು ದಿನವಾಗಿತ್ತೋ ಆ ಮನೆಯಲ್ಲಿ ಯಾರಾದರೂ ಮಾತಾಡಿ.

ಅವನ ಬಂಡಿ ಮನೆ ಮುಂದೆಯೇ ಸರಪಳಿ ಹಾಕಿ ನಿಂತಿತ್ತು. ನಾನು ಅದರ ಕಡೆ ನೋಡುತ್ತಿರಲಿಲ್ಲ. ಬೆಕ್ಕು ಹೋಗಿ ಸ್ಟೋವ್ ಇಡುವ ಗೂಡಿನಲ್ಲಿ ಮಲಗಿತು. ಕರೆಯಲು ಹೋದೆ. ಗೂಡಿನೊಳಗೆ ಕೈ ಹಾಕಿದೆ. ಹಳೆ ಎಣ್ಣೆಯ ವಾಸನೆ ಬಂತು. ಅಲ್ಲೇ ಕೂತು ಅತ್ತೆ. ಅದು ಕೈ ನೆಕ್ಕಿತು. ಉಪ್ಪಿಗಾಗಿ ನೆಕ್ಕಿತೋ, ಯಾತಕ್ಕೋ. ಬಿಳಿ, ಹಗುರ, ಹಿಡಿದರೆ ಕೈಯಲ್ಲಿ ಏನೂ ಇಲ್ಲದಂತೆ. ಮಂಡಕ್ಕಿ ಎಂದು ಹೆಸರಿಟ್ಟೆ.

ಹೊಟ್ಟೆಪಾಡಿಗೆ ಜೀನ್ಸ್ ಪ್ಯಾಂಟಿನ ಕೆಲಸ ಹಿಡಿದೆ. ಹೊಲಿದ ಪ್ಯಾಂಟು ಮನೆಗೆ ತಂದು ಹಾಕುತ್ತಾರೆ, ಹೆಚ್ಚಾದ ದಾರ ಕತ್ತರಿಸಿ ಕೊಡಬೇಕು. ನಾನು ದಾರ ಕತ್ತರಿಸುತ್ತಿದ್ದೆ, ಮಂಡಕ್ಕಿ ದಾರದ ಜೊತೆ ಆಡುತ್ತಿತ್ತು. ಅಲ್ಲಾಡುವುದು, ಹೊಳೆಯುವುದು ಏನು ಕಂಡರೂ ಅದಕ್ಕೆ ಹುಚ್ಚು. ಇಲಿ ಒಂದನ್ನು ಬಿಟ್ಟು.

ಹೀಗೆ ನಡೆದಿತ್ತು. ಆದರೆ ಜನಕ್ಕೆ ನಡೆಯಲು ಬಿಡಬೇಕಲ್ಲ.

ಎದುರು ಮನೆ ರಾಮಾಂಜಿನಿ ಆಟೋ ಓಡಿಸುತ್ತಾನೆ. ಮುಂಜಾನೆ ಆಟೋ ಹೊರಗೆ ತೆಗೆಯುವಾಗ ನಾನು ಬಾಗಿಲಿಗೆ ನೀರು ಹಾಕುತ್ತಿರುತ್ತೇನೆ. ಮೊದಲು ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದ. ಈಗ ಮಂಡಕ್ಕಿಯೂ ನನ್ನ ಜೊತೆ ಹೊರಗೆ ಬರುತ್ತದೆ, ಓಣಿ ದಾಟುತ್ತದೆ.

“ಏಮಮ್ಮಾ,” ಎಂದ ಒಂದು ದಿನ, ಆಟೋ ಆರಿಸಿ. “ಒಂದು ಸಾಲ್ದು ಅಂತ ಎರಡು ಅಪಶಕುನ ಇಟ್ಕೊಂಡೀಯೇನು? ನೀನು ಎದುರಿಗೆ, ಅದು ಅಡ್ಡ. ನಾ ಯಾವ ಕಡೆ ಹೋಗ್ಲಿ?”

“ಹಿಂದಕ್ಕ ಹೋಗು,” ಎಂದೆ.

“ಬಾಡಿಗಿ ಬೀಳವಲ್ದು ನನಗ. ನಿನ್ನ ಬೆಕ್ಕು ಬಂದಾಗಿಂದ ಬರೋಬ್ಬರಿ ಒಂದು ಬಾಡಿಗಿ ಇಲ್ಲ.”

“ಬೆಕ್ಕು ಬರೋಕ್ಕಿಂತ ಮೊದ್ಲು ಬಂಗಲೆ ಕಟ್ಸಿದ್ದೇನಪ್ಪಾ ನೀನು?”

ಓಣಿ ನಕ್ಕಿತು. ಅವನಿಗೆ ಸಿಟ್ಟು ಬಂತು. “ನೋಡ್ತಿರು. ಒಂದಿನ ನೀ ಊರಿಗೆ ಹೋದಾಗ ಚೀಲದಾಗ ತುಂಬಿ ಬಿಟ್ಟು ಬರ್ತೀನಿ ಇದನ್ನ.”

ಅವನು ಬಾಯಿಯಲ್ಲಿ ಅಂದದ್ದನ್ನು ಮಾಡುವವನು. ಅವತ್ತಿನಿಂದ ನಾನು ಮಂಡಕ್ಕಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಸುದ್ದಿ ಕುರುಗೋಡಿಗೂ ಹೋಯಿತು. ನನ್ನ ಮೈದುನ ವಿರೂಪಾಕ್ಷಿ, ಅಂದರೆ ನನ್ನ ಗಂಡನ ತಮ್ಮ, ಫೋನ್ ಮಾಡಿದ. ಕರ್ಮ ಮುಗಿದ ಮೇಲೆ ಅವನು ಮಾಡಿದ ಫೋನ್ ಅದೊಂದೇ.

“ಅತ್ತಿಗಿ, ಬೆಕ್ಕು ಸಾಕೀಯಂತಲ್ಲ?”

“ಹೂಂ.”

“ಜನ ಆಡ್ಕೋತಾರ. ಗಂಡ ಸತ್ತಾಕಿ, ಬೆಕ್ಕಿನ ಕೂಡ ಮಾತಾಡ್ತಾಳ ಅಂತ.”

“ನೀ ಮಾತಾಡಿದ್ರ ನಿನ್ನ ಕೂಡ ಮಾತಾಡ್ತಿದ್ದೆ.”

ಆ ಕಡೆ ಅವನ ಹೆಂಡತಿ ನಾಗಲಕ್ಷ್ಮಿಯ ದನಿ ಕೇಳಿತು. “ಬಿಡಾಕ ಹೇಳ್ರಿ ಅದನ್ನ. ಮೊದಲ ಹೇಳ್ರಿ.” ಅವನು ಹೇಳಿದ. ನಾನು ಇಟ್ಟುಬಿಟ್ಟೆ.

ಈ ವರ್ಷ ಶಿವರಾತ್ರಿ ಆಯಿತು. ವರ್ಷದ ಎಡೆ ಕುರುಗೋಡಿನಲ್ಲಿ ಇಡಬೇಕು. ನಾನು ಹೋಗಲೇಬೇಕು. ಮಂಡಕ್ಕಿಯನ್ನು ಬಿಟ್ಟು ಹೋದರೆ ರಾಮಾಂಜಿನಿ ಚೀಲ ಹಿಡಿದು ಕಾಯುತ್ತಿದ್ದಾನೆ. ಬುಟ್ಟಿಯಲ್ಲಿ ಕೂರಿಸಿ ಮೇಲೆ ಹಳೆ ಸೀರೆ ಕಟ್ಟಿದೆ. ಬಸ್ ಹತ್ತಿದೆ.

ಕಂಡಕ್ಟರ್ ಬಂದ. ಬುಟ್ಟಿಯೊಳಗಿಂದ ಮ್ಯಾಂವ್ ಎಂದಿತು.

“ಏನೈತಬೇ ಬುಟ್ಟ್ಯಾಗ?”

“ಬೆಕ್ಕು.”

“ಬೆಕ್ಕಿಗೆ ಟಿಕೀಟ್ ಆಗ್ತೈತಿ.”

“ಹೆಣ್ಮಕ್ಕಳಿಗೆ ಪುಕ್ಕಟೆ ಅಲ್ಲೇನು? ಇದೂ ಹೆಣ್ಣೇ.”

“ಹಂಗಾರ ಆಧಾರ್ ಕಾರ್ಡ್ ತೋರಿಸ್ಲಿ.”

“ಮೀಸಿ ನೋಡಿ ಗಂಡು ಅಂತ ತಿಳ್ಕೊಂಡೀಯೇನು? ಬೇಕಾದ್ರ ಕೈ ಹಾಕಿ ನೋಡು. ಪರಚಿದ್ರ ನನ್ನ ಕೇಳಬ್ಯಾಡ.”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಕೈಮುಗಿದು ಮುಂದೆ ಹೋದ. ನಾನೂ ನಕ್ಕೆ. ನಕ್ಕ ಮೇಲೆ ಗಂಡನಿಗೆ ಎಡೆ ಇಡಲು ಹೋಗುತ್ತಿದ್ದೇನೆ ಎಂದು ನೆನಪಾಗಿ ಸೆರಗು ಬಾಯಿಗೆ ಹಿಡಿದೆ.

ಕುರುಗೋಡಿನಲ್ಲಿ ಮನೆ ತುಂಬ ಜನ. ನಾಗಲಕ್ಷ್ಮಿ ಬುಟ್ಟಿ ನೋಡಿ ಹಣೆ ಹಣೆ ಬಡಿದುಕೊಂಡಳು.

“ಎಡಿ ಇಡೋ ದಿನ ಬೆಕ್ಕು ತರ್ತಾರೇನಕ್ಕಾ? ತಲಿ ನೆಟ್ಟಗೈತಿಲ್ಲೋ ನಿಂದು?”

“ಅಲ್ಲಿ ಬಿಟ್ಟು ಬರಾಕ ಯಾರದಾರ ನನಗ?”

ಆಕೆ ಬುಟ್ಟಿ ಕಿತ್ತುಕೊಂಡು, ಅಂಗಳದಲ್ಲಿ ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಮಂಡಕ್ಕಿಯನ್ನು ತಳ್ಳಿ, ಮೇಲೆ ರುಬ್ಬುವ ಗುಂಡುಕಲ್ಲು ಇಟ್ಟಳು. ಅದು ಒಳಗಿಂದ ಒಂದು ಕೈ ಹೊರಗೆ ಹಾಕಿ ನನ್ನನ್ನು ನೋಡಿತು. ಅವನ ದಿನ ಅದು. ಜಗಳ ಬೇಡ ಎಂದುಕೊಂಡೆ.

ಎಡೆ ಮಾಳಿಗೆಯ ಮೇಲೆ. ಸುಗ್ಗಿಯ ದಿನ, ಮಾಳಿಗೆ ತುಂಬ ಜೋಳ ಹರವಿತ್ತು. ವಿರೂಪಾಕ್ಷಿ ಜೋಳವನ್ನು ಒಂದು ಕಡೆ ಗುಡ್ಡೆ ಮಾಡಿ ನಡುವೆ ಜಾಗ ತೆಗೆದಿದ್ದ. ನೀರಿನ ಟ್ಯಾಂಕಿನಿಂದ ಗೋಡೆಯವರೆಗೆ ಹೊಳೆಯುವ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಎರಡು ಸಾಲು ಎಳೆದು ಕಟ್ಟಿದ್ದರು. ಸುಗ್ಗಿಯಲ್ಲಿ ಎಲ್ಲರ ಮಾಳಿಗೆಯಲ್ಲೂ ಅದು ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ.

ಬಾಳೆ ಎಲೆ ಹಾಕಿದರು. ಹೋಳಿಗೆ, ಅನ್ನ, ಬದನೆಕಾಯಿ, ಹಪ್ಪಳ. ಒಂದು ಬೀಡಿ ಕಟ್ಟು. ಹೋಟೆಲಿನಿಂದ ತರಿಸಿದ ಮಿರ್ಚಿ. ಮಿರ್ಚಿ ನೋಡಿ ನನ್ನ ಹೊಟ್ಟೆ ಉರಿಯಿತು. ತೊಟ್ಟು ಹೋಗಿತ್ತು, ತುದಿ ಬಿಚ್ಚಿತ್ತು. ಮಿರ್ಚಿ ಮಾಡುವವನಿಗೆ ಕೊಂಡು ತಂದ ಮಿರ್ಚಿ. ನನಗೆ ಹೇಳಿದ್ದರೆ ನಾನು ಸೀಳುತ್ತಿರಲಿಲ್ಲವೇ? ಎಡೆಯ ಅಡುಗೆ ನಾನು ಮುಟ್ಟುವ ಹಾಗಿಲ್ಲವಂತೆ. ಮೆಟ್ಟಿಲ ಹತ್ತಿರ ಹಿಂದೆ ಕೂರಿಸಿದರು.

ಕಾಗೆ ಎಡೆ ಮುಟ್ಟುವ ತನಕ ಯಾರೂ ಉಣ್ಣುವ ಹಾಗಿಲ್ಲ. ಸತ್ತವನಿಗೆ ಆಸೆ ಉಳಿದಿದ್ದರೆ ಕಾಗೆ ಬರುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಆಗ ಒಬ್ಬೊಬ್ಬರೇ ಎಡೆಯ ಮುಂದೆ ಕೂತು ಸತ್ತವನಿಗೆ ಮಾತು ಕೊಡಬೇಕು. ಅವನಿಗೆ ಒಪ್ಪಿಗೆಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ.

ಅವತ್ತು ಕಾಗೆ ಬರಲಿಲ್ಲ. ಬೇವಿನ ಮರದಲ್ಲಿ ಕೂತಿದ್ದವು, ಕಂಬಿಯ ಮೇಲೆ ಕೂತಿದ್ದವು. ಕಾ ಕಾ ಎಂದು ಕರೆದರೆ ಕಾ ಕಾ ಎಂದವು. ಇಳಿಯಲಿಲ್ಲ. ಬಿಸಿಲು ಏರಿತು. ಹುಡುಗರು ಅಳತೊಡಗಿದರು. ನನ್ನ ದೊಡ್ಡಮಾವ, ಆ ಮನೆಗೆಲ್ಲ ಹಿರಿಯ, ಟವಲ್ ತಲೆಗೆ ಹಾಕಿಕೊಂಡು ಕೂತಿದ್ದ.

“ನನಗ ಸಕ್ರಿ ಕಾಯಿಲಿ ಐತ್ರಪಾ,” ಎಂದ. “ಇನ್ನಷ್ಟು ಹೊತ್ತಾದ್ರ ನನಗೂ ಒಂದು ಎಲಿ ಇಲ್ಲೇ ಹಾಕ್ಬೇಕಾಕೈತಿ.”

“ಒಂದು ಕ್ವಾರ್ಟರ್ ಇಡ್ರಿ, ಬರ್ತೈತಿ,” ಎಂದ ಹಿಂದಿನಿಂದ ಯಾರೋ.

“ಅಂವ ಕುಡೀತಿದ್ದಿಲ್ಲಲೇ.”

“ವರ್ಷ ಆತು, ಅಲ್ಲಿ ಕಲ್ತಿರಬಹುದು.”

ವಿರೂಪಾಕ್ಷಿ ಎದ್ದು ಎಡೆಯ ಮುಂದೆ ಕೂತ. “ಅಣ್ಣಾ, ಅತ್ತಿಗಿ ಚಿಂತಿ ಮಾಡಬ್ಯಾಡ. ನಾವದೀವಿ. ಬಾಯಿಗೆ ಬೇಕಾದ್ದು, ಮೈಗೆ ಬೇಕಾದ್ದು ಎಲ್ಲಾ ನೋಡ್ಕೋತೀವಿ. ಮುಟ್ಟೋ ಅಣ್ಣಾ.”

ವರ್ಷಕ್ಕೆ ಒಂದು ಫೋನ್ ಮಾಡಿದವನು. ನಾನು ಕಾಗೆಯಾಗಿದ್ದರೆ ನಾನೂ ಇಳಿಯುತ್ತಿರಲಿಲ್ಲ.

ಇನ್ನೊಬ್ಬ ನೆಂಟ ಎದ್ದ. ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ಅತ್ತಿಗೆಯನ್ನು ಮಾತಾಡಿಸಿ ಬರುತ್ತೇನೆ ಎಂದ. ಅವನು ವಾರವಾರ ಬಳ್ಳಾರಿಗೆ ಬರುತ್ತಾನೆ. ನಮ್ಮ ಓಣಿ ಬಾಯಿಂದಲೇ ಬಸ್ ಹಿಡಿಯುತ್ತಾನೆ. ಒಂದು ದಿನ ಒಳಗೆ ಬಂದವನಲ್ಲ. ಕಾಗೆ ಬರಲಿಲ್ಲ. ಮತ್ತೊಬ್ಬಳು ಹಬ್ಬಕ್ಕೆ ಸೀರೆ ಎಂದಳು. ಬರಲಿಲ್ಲ.

ಆಗ ನಾಗಲಕ್ಷ್ಮಿ ಎದ್ದಳು. ನನ್ನ ಕಡೆಗೆ ಕೈ ತೋರಿಸಿದಳು.

“ಎಲ್ಲಾರೂ ಮಾತು ಕೊಟ್ರಿ. ಕೊಡೋರು ಕೊಡ್ಲಿಲ್ಲ. ಬಾವಗ ಸಿಟ್ಟು ಬಂದಿರೋದು ಆ ಬೆಕ್ಕಿನ ಮ್ಯಾಲ. ತನ್ನ ಜಾಗದಾಗ ಹೆಂಡ್ತಿ ಒಂದು ಬೆಕ್ಕು ತಂದು ಇಟ್ಕೊಂಡಾಳ. ಯಾವ ಗಂಡಗ ಸಿಟ್ಟು ಬರಂಗಿಲ್ಲ? ಅಕ್ಕ ಬಂದು ಬೆಕ್ಕು ಬಿಡ್ತೀನಿ ಅಂತ ಒಂದು ಮಾತು ಅನ್ಲಿ, ಕಾಗಿ ಬರದಿದ್ರ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿ ಒಂದು ವರ್ಷವಾಗಿತ್ತು.

“ಅನ್ನಬೇ, ಏನು ಹೋಗ್ತೈತಿ.”

“ಒಂದು ಬೆಕ್ಕಿನ ಸಲುವಾಗಿ ಗಂಡನ ಆತ್ಮ ತಡೀತಿಯೇನು?”

“ಹುಡುಗ್ರು ಹಸಿದಾವು, ಅಂದ್ಬಿಡು.”

ವಿರೂಪಾಕ್ಷಿ ಹತ್ತಿರ ಬಂದು ಮೆಲ್ಲಗೆ ಹೇಳಿದ. “ಅತ್ತಿಗಿ, ಬಾಯಿಮಾತಿಗೆ ಅನ್ನು. ಆಮ್ಯಾಲ ನಾನ ಬಿಟ್ಟು ಬರ್ತೀನಿ ಅದನ್ನ. ನೀ ನೋಡೋದೂ ಬ್ಯಾಡ.”

ಬಾಯಿಮಾತು. ಇವರಿಗೆಲ್ಲ ಅದು ಎಷ್ಟು ಸುಲಭ! ಅವನು ಬದುಕಿದ್ದಾಗ ನಾನು ಅವನಿಗೆ ಒಂದು ಸುಳ್ಳು ಹೇಳಿದವಳಲ್ಲ. ಮಿರ್ಚಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಎಂದೇ ಹೇಳುತ್ತಿದ್ದೆ. ಸತ್ತ ಮೇಲೆ ಇಷ್ಟು ಜನರ ಮುಂದೆ, ಅವನ ಎಲೆಯ ಮುಂದೆ ಕೂತು ಸುಳ್ಳು ಹೇಳಬೇಕೆ? ಹೇಳಿದ್ದನ್ನು ನಿಜ ಮಾಡಿದರೆ ಮಂಡಕ್ಕಿ ಹೋಗುತ್ತದೆ. ಹೋದರೆ ನಾನು ಮತ್ತೆ ಚಹಾ ಕುಡಿದು ಮಲಗುತ್ತೇನೆ. ಅದನ್ನು ನೋಡಲು ಇವರಲ್ಲಿ ಯಾರು ಬರುತ್ತಾರೆ?

ಎದ್ದೆ. ಎಡೆಯ ಕಡೆ ಹೋಗಲಿಲ್ಲ. ಮೆಟ್ಟಿಲಿಳಿದೆ.

“ಎಲ್ಲಿಗೆ ಹೊಂಟಿ?” ಎಂದಳು ನಾಗಲಕ್ಷ್ಮಿ.

ಅಂಗಳಕ್ಕೆ ಹೋಗಿ ಗುಂಡುಕಲ್ಲು ಉರುಳಿಸಿದೆ. ಮಂಡಕ್ಕಿಯನ್ನು ಎತ್ತಿಕೊಂಡೆ. ಎದೆಗೆ ಅವುಚಿಕೊಂಡು ಮತ್ತೆ ಮೇಲೆ ಬಂದೆ. ಹೆಂಗಸರು ಹೋ ಎಂದು ಎದ್ದರು.

“ಇಳಸ್ರಿ ಆಕಿನ್ನ ಕೆಳಗ! ಎಡಿ ಮೈಲಿಗಿ ಆಕೈತಿ!”

“ಇದನ್ನ ಅವರು ನೋಡೇ ಇಲ್ಲ,” ಎಂದೆ. “ಸಿಟ್ಟು ಬಂದೈತಿ ಅಂತ ನೀವು ಹೇಳೋದು ಬ್ಯಾಡ. ಅವರ ನೋಡ್ಲಿ. ನೋಡಿ ಬ್ಯಾಡ ಅಂದ್ರ ಬಿಡ್ತೀನಿ.”

ಅವನು ಇದ್ದಾಗಲೂ ನಾನು ಅವನನ್ನು ಬೇರೆಯವರ ಮುಂದೆ ಅವರು ಎಂದೇ ಅನ್ನುತ್ತಿದ್ದೆ.

ವಿರೂಪಾಕ್ಷಿ ಅಡ್ಡ ಬಂದ. ಅಷ್ಟರಲ್ಲಿ ಗಾಳಿ ಬೀಸಿತು. ಬೆಳ್ಳಿ ಪಟ್ಟಿ ಗೊರ್ ಎಂದು ಅದುರಿ ಹೊಳೆಯಿತು. ಮಂಡಕ್ಕಿ ಅದನ್ನು ನೋಡಿತು. ನಾನು ಹಿಡಿಯುವ ಮೊದಲೇ ನನ್ನ ಕೈ ಪರಚಿ, ವಿರೂಪಾಕ್ಷಿಯ ಹೆಗಲು ತುಳಿದು, ಟ್ಯಾಂಕಿನ ಮೇಲೆ ಹಾರಿ, ಅಲ್ಲಿಂದ ಪಟ್ಟಿಗೆ ಜೋತುಬಿತ್ತು. ಪಟ್ಟಿ ಹರಿಯಿತು. ಅದೂ ಪಟ್ಟಿಯೂ ಒಟ್ಟಿಗೆ ಜೋಳದ ಗುಡ್ಡೆಯ ಮೇಲೆ ಬಿದ್ದವು. ಪಟ್ಟಿಯನ್ನು ಮೈಗೆಲ್ಲ ಸುತ್ತಿಕೊಂಡು ಹಿಂಗಾಲಿನಿಂದ ಒದೆಯಿತು, ಕಚ್ಚಿತು, ಉರುಳಿತು. ಇನ್ನೊಂದು ಸಾಲಿಗೂ ಹಾರಿ ಅದನ್ನೂ ಕಿತ್ತಿತು.

“ಹಿಡೀರಿ! ಹೊಡೀರಿ!” ಎಂದು ನಾಗಲಕ್ಷ್ಮಿ ಕಸಬರಿಗೆ ಹುಡುಕುತ್ತಿದ್ದಳು.

ಆಗ ಕಾಗೆ ಬಂತು.

ಮೊದಲು ಗೋಡೆಯ ಮೇಲೆ ಕೂತಿತು. ಕುತ್ತಿಗೆ ವಾರೆ ಮಾಡಿ ಮೇಲೆ ನೋಡಿತು. ಪಟ್ಟಿ ಇರಲಿಲ್ಲ. ಇಳಿಯಿತು. ಕುಪ್ಪಳಿಸಿ ಎಲೆಯ ಹತ್ತಿರ ಬಂದು ಮಿರ್ಚಿಗೆ ಬಾಯಿ ಹಾಕಿತು.

ಆ ಪಟ್ಟಿ ಕಟ್ಟಿದ್ದು ಹಕ್ಕಿ ಬರಬಾರದು ಎಂದು. ಹಕ್ಕಿ ಬರಬಾರದು ಎಂದು ಕಟ್ಟಿದ ಪಟ್ಟಿಯ ಕೆಳಗೆ ಎಲೆ ಹಾಕಿ, ಹಕ್ಕಿ ಬಾ ಎಂದು ಅಷ್ಟು ಹೊತ್ತು ಕರೆದಿದ್ದೆವು. ನಾನೂ ಅವರಲ್ಲಿ ಒಬ್ಬಳೇ. ನನಗೂ ಹೊಳೆದಿರಲಿಲ್ಲ.

ಅವರಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಾಗಲಕ್ಷ್ಮಿ ಕಸಬರಿಗೆ ಕೆಳಗಿಟ್ಟು ಕೈಮುಗಿದಳು.

“ನೋಡಿದ್ರಿಲ್ಲ! ನಾ ಏನು ಹೇಳಿದ್ದೆ? ಬಾಯಿ ಬಿಟ್ಟು ಅನ್ಲಿಲ್ಲ ಅಕ್ಕ, ಆದ್ರ ಬ್ಯಾಡ ಅಂದ್ರ ಬಿಡ್ತೀನಿ ಅಂದ್ಳು. ಅದನ್ನ ಕೇಳಿ ಬಾವ ಬಂದ. ಬೆಕ್ಕು ಬಿಡಾಕ ಬೇಕು ಇನ್ನ. ಕಾಗಿ ಮುಂದ ಕೊಟ್ಟ ಮಾತು.”

“ಹೌದು, ಹೌದು,” ಎಂದರು ಹಿಂದಿನವರು.

ನನ್ನ ತಲೆಗೆ ರಕ್ತ ಏರಿತು. ಬಳೆ ಒಡೆಯುವಾಗ ಸುಮ್ಮನಿದ್ದೆ. ಹಿಂದೆ ಕೂರಿಸಿದಾಗ ಸುಮ್ಮನಿದ್ದೆ. ಗುಂಡುಕಲ್ಲು ಇಟ್ಟಾಗಲೂ ಸುಮ್ಮನಿದ್ದೆ. ನನ್ನ ಬಾಯಲ್ಲಿ ಇಲ್ಲದ ಮಾತನ್ನು ನನ್ನ ಗಂಡನಿಗೆ ಹೇಳುತ್ತಾರಲ್ಲ!

ಜನರನ್ನು ಸರಿಸಿ ಎಡೆಯ ಮುಂದೆ ಹೋಗಿ ಕೂತೆ. ಕಾಗೆ ಅಲ್ಲೇ ಇತ್ತು, ಒಂದು ಮೊಳ ದೂರ. ಅದು ನನ್ನನ್ನು ನೋಡಿತು.

“ಕೇಳಿಸ್ಕೊ,” ಎಂದೆ ಗಟ್ಟಿಯಾಗಿ. “ನೀ ಹೋದ ಮ್ಯಾಲ ನನ್ನ ಯಾರೂ ಕೇಳ್ಲಿಲ್ಲ. ಇವರು ಯಾರೂ ಬರ್ಲಿಲ್ಲ. ಬರ್ತೀವಿ ಅಂತ ಈಗ ಹೇಳಿದ್ದೂ ಸುಳ್ಳು. ನನ್ನ ಕೂಡ ಇರೋದು ಈ ಬೆಕ್ಕು ಒಂದ. ಇದಕ್ಕ ಇಲಿ ಹಿಡಿಯಾಕೂ ಬರಂಗಿಲ್ಲ. ಇದು ಉಣ್ಣಾಕ ಎಬ್ಬಿಸ್ತೈತಿ, ಅದಕ್ಕ ನಾ ಉಣ್ತೀನಿ. ಇದನ್ನ ನಾ ಬಿಡಂಗಿಲ್ಲ. ಸಾಯೋತನಕ ಬಿಡಂಗಿಲ್ಲ. ಇದು ನಾ ಕೊಡೋ ಮಾತು. ಒಪ್ಪಿಗಿ ಇಲ್ದಿದ್ರ ಎದ್ದು ಹೋಗು.”

ನಂಬಿಕೆ ಇಲ್ಲ ಎಂದು ಈಗ ಹೇಳಬಹುದು. ಆಗ ಹಾಗಿರಲಿಲ್ಲ. ಹಾರಿಬಿಟ್ಟರೆ ಏನು ಮಾಡುವುದು? ಅವರು ಬೇಡ ಅಂದರೆ ಬಿಡುತ್ತೇನೆ ಎಂದು ಮೊದಲೇ ಅಂದಿದ್ದೆ, ಅದರಂತೆ ಬಿಡಬೇಕಿತ್ತು.

ಕಾಗೆ ಹೋಗಲಿಲ್ಲ. ಮಿರ್ಚಿ ಬಿಟ್ಟು ಹೋಳಿಗೆಗೆ ಬಾಯಿ ಹಾಕಿತು. ಒಂದು ತುಂಡು ಕಿತ್ತು ನುಂಗಿತು. ಇನ್ನೊಂದು ಕಾಗೆ ಇಳಿಯಿತು. ಅದರ ಹಿಂದೆ ಮತ್ತೊಂದು.

ದೊಡ್ಡಮಾವ ಟವಲ್ ಕೊಡವಿ ಎದ್ದ.

“ಹೋಗ್ಲಿಲ್ಲ ನೋಡ್ರಿ,” ಎಂದ. “ಹೋಗಂದ್ರೂ ಹೋಗ್ಲಿಲ್ಲ. ಅಂದ ಮ್ಯಾಲ ಚಿದಾನಂದಗ ಒಪ್ಪಿಗಿ ಐತಿ. ಮುಗೀತು. ಎಲಿ ಹಾಕ್ರಿ, ಪ್ರಾಣ ಹೋಗಾಕ ಹತ್ತೈತಿ.”

“ಅಲ್ಲ ಮಾವಾ, ಅದು…” ಎಂದಳು ನಾಗಲಕ್ಷ್ಮಿ.

“ಏನಲ್ಲ? ನಿನ್ನ ಮಾತಿಗೆ ಬಂದ್ರ ಅದು ಚಿದಾನಂದ, ಆಕಿ ಮಾತಿಗೆ ಕುಂತ್ರ ಬರೇ ಕಾಗಿಯೇನು? ನಡಿ, ಅನ್ನ ಬಡಿಸು.”

ನಾಗಲಕ್ಷ್ಮಿ ಬಡಿಸಿದಳು. ನನ್ನ ಎಲೆಗೆ ಹೋಳಿಗೆಯನ್ನು ಎಸೆದ ಹಾಗೆ ಹಾಕಿದಳು. ಉಂಡೆ. ಯಾಕೆ ಬಿಡಲಿ? ಒಂದು ಹೋಳಿಗೆ ಸೆರಗಿನಲ್ಲಿ ಕಟ್ಟಿಕೊಂಡೆ. ಮಂಡಕ್ಕಿ ಜೋಳದ ಗುಡ್ಡೆಯ ಮೇಲೆ ಪಟ್ಟಿ ಅಪ್ಪಿಕೊಂಡು ನಿದ್ದೆ ಹೋಗಿತ್ತು. ಬಿಡಿಸಲು ನೋಡಿದೆ, ಬಿಡಲಿಲ್ಲ. ಪಟ್ಟಿಯ ಸಮೇತ ಬುಟ್ಟಿಗೆ ಹಾಕಿದೆ.

“ಪಟ್ಟಿ ಇಟ್ಟು ಹೋಗು ಅತ್ತಿಗಿ,” ಎಂದ ವಿರೂಪಾಕ್ಷಿ. “ಜೋಳಕ್ಕ ಬೇಕು.”

“ಕಾಗಿ ಬರ್ಲಿ ಬಿಡೋ,” ಎಂದೆ. “ನಿಮ್ಮ ಅಣ್ಣನೇ ಇರಬಹುದು.”

ಇದೆಲ್ಲ ಆಗಿ ಯುಗಾದಿ ಕಳೆಯಿತು. ಅವತ್ತು ಆ ಮಾಳಿಗೆಯ ಮೇಲೆ ಎಷ್ಟು ಜನ ಎಷ್ಟು ಮಾತು ಕೊಟ್ಟರು. ಬಾಯಿಗೆ ಬೇಕಾದ್ದು ಕೊಡುತ್ತೇನೆ ಎಂದವನು ಒಂದು ಫೋನ್ ಮಾಡಿಲ್ಲ. ತಿಂಗಳಿಗೊಮ್ಮೆ ಬರುತ್ತೇನೆ ಎಂದವನನ್ನು ಓಣಿ ಬಾಯಲ್ಲಿ ನಾನೇ ಕಂಡೆ. ಬಸ್ಸಿನ ಕಡೆ ಮುಖ ಮಾಡಿ ನಿಂತಿದ್ದ. ಯುಗಾದಿಗೆ ಸೀರೆಯೂ ಬರಲಿಲ್ಲ. ನ್ಯಾಯವಾಗಿ ಆ ಕಾಗೆಗಳು ಹೋಗಿ ಇವರ ತಲೆ ಕುಕ್ಕಬೇಕು. ಕಾಗೆಯ ಮುಂದೆ ಕೊಟ್ಟ ಮಾತು ನಡೆಸುತ್ತಿರುವವಳು ನಾನೊಬ್ಬಳೇ.

ರಾಮಾಂಜಿನಿ ಈಗಲೂ ಮುಂಜಾನೆ ಆಟೋ ನಿಲ್ಲಿಸುತ್ತಾನೆ. “ಇನ್ನೂ ಬಿಟ್ಟಿಲ್ಲೇನಮ್ಮಾ ಅದನ್ನ?” ಎನ್ನುತ್ತಾನೆ.

“ನಮ್ಮ ಯಜಮಾನ್ರು ಬ್ಯಾಡ ಅಂದಾರ,” ಎನ್ನುತ್ತೇನೆ.

ಅವನು ತಲೆ ಕೆರೆದುಕೊಂಡು, ಆಟೋ ಹಿಂದಕ್ಕೆ ತೆಗೆದು, ಆ ಕಡೆಯಿಂದ ಹೋಗುತ್ತಾನೆ. ಮಂಡಕ್ಕಿ ಬಂಡಿಯ ಗೂಡಿನಿಂದ ಇಳಿದು ಮೈ ಮುರಿದು ನನ್ನ ಕಡೆ ಬರುತ್ತದೆ. ಅದಕ್ಕೆ ಹಸಿವಾಗಿರುತ್ತದೆ. ನಾನು ಒಳಗೆ ಹೋಗಿ ಒಲೆ ಹಚ್ಚುತ್ತೇನೆ.